.231 ಹೊಡೆದವನು ‘ಒಳ್ಳೆ ಸೀಸನ್’ ಅಂದರೆ ನಂಬಬಹುದಾ?

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿದ್ದೇವೆ, ಡರ್ಹಮ್ ಊರಿನ ಹತ್ತಿರ. ಮಗನಿಗೆ 14 ವರ್ಷ. ಬೇಸಿಗೆಯಲ್ಲಿ ಇಲ್ಲಿನ ಬೇಸ್‌ಬಾಲ್ ತಂಡ ಡರ್ಹಮ್ ಬುಲ್ಸ್ ಪಂದ್ಯಗಳಿಗೆ ಹೋಗುತ್ತೇವೆ. ಅವನೂ ಬೇಸ್‌ಬಾಲ್ ಆಡುತ್ತಾನೆ. ಸ್ಟ್ರೈಕ್‌ಔಟ್ ಆದ (ಮೂರು ಸ್ಟ್ರೈಕ್, ಅಂದರೆ ಹೊಡೆಯಬೇಕಾದ ಚೆಂಡು ಮೂರು ಸಲ ತಪ್ಪಿ ಔಟಾದ) ದಿನ ಕಾರಿನಲ್ಲಿ ಮಾತಿಲ್ಲ, ಮನೆಗೆ ಬಂದರೆ ಊಟ ಬೇಡ. ಮೊನ್ನೆ ಮೈನರ್ ಲೀಗ್‌ನ (ಅತಿ ಮೇಲಿನ ಮೇಜರ್ ಲೀಗ್‌ಗೆ ಆಟಗಾರರನ್ನು ತಯಾರು ಮಾಡುವ ಕೆಳಗಿನ ಲೀಗ್‌ಗಳು) ಒಬ್ಬ ಹುಡುಗ ಸೀಸನ್ ಮುಗಿದ ಮೇಲೆ ಮಾತಾಡಿದ್ದನ್ನು ಇಬ್ಬರೂ ಕೇಳಿದೆವು. ಅವನ ಬ್ಯಾಟಿಂಗ್ ಆವರೇಜ್ .231. ಆದರೂ ಇದು ತನಗೆ ಒಳ್ಳೆಯ ಸೀಸನ್ ಅಂದ, ಪ್ರಾಸೆಸ್ ಮೇಲೆ ನಂಬಿಕೆ ಇದೆ ಅಂದ. ನನ್ನ ಮಗ, "ಅಮ್ಮ, ಇವನು ಸುಳ್ಳು ಹೇಳ್ತಿದ್ದಾನೆ" ಅಂದ. ನನಗೂ ಏನು ಹೇಳಬೇಕೋ ತೋಚಲಿಲ್ಲ. ಇದೆಲ್ಲ ಸುಮ್ನೆ ಸಮಾಧಾನದ ಮಾತಾ? ಈ ‘ಮೈಂಡ್‌ಸೆಟ್’ ಅನ್ನುವುದನ್ನು ಮಗನಿಗೆ ಕಲಿಸಲು ಆಗುತ್ತದಾ?

ಉತ್ತರ:

ನಮಸ್ಕಾರ. ನಿಮ್ಮ ಮಗನ ಅನುಮಾನ ಒಳ್ಳೆಯದೇ, ಅದನ್ನು ಅವನಿಗೆ ಹೇಳಿ. ಸೀಸನ್ ಮುಗಿದ ಮೇಲೆ ಆಟಗಾರರು ಆಡುವ ಮಾತಿನಲ್ಲಿ ಬಾಯಿಪಾಠ ಜಾಸ್ತಿ ಇರುತ್ತದೆ. ನಾನು ಕಾಲೇಜು ತಂಡಗಳ, ಮೈನರ್ ಲೀಗ್ ತಂಡಗಳ ಹುಡುಗರ ಜೊತೆ ಮಾನಸಿಕ ತರಬೇತಿಯ ಕೆಲಸ ಮಾಡುತ್ತಾ ಬಂದವನು. ‘ಪ್ರಾಸೆಸ್’ ಅನ್ನುವ ಪದ ಕೇಳದ ದಿನವಿಲ್ಲ. ಆದರೂ .231 ಹೊಡೆದ ಹುಡುಗ ಒಳ್ಳೆ ಸೀಸನ್ ಅಂದರೆ, ಅದು ನಿಜವೂ ಆಗಿರಬಹುದು.

ಗುರುತಿಸುವ ದಾರಿ ಒಂದಿದೆ. ಅವನು ಏನನ್ನಾದರೂ ಹೆಸರಿಟ್ಟು ಹೇಳುತ್ತಾನಾ ನೋಡಿ. "ಮನಸ್ಸು ಗಟ್ಟಿ ಮಾಡಿಕೊಂಡೆ, ದಿನಾ ಕಷ್ಟಪಟ್ಟೆ" ಅಂತ ಬರೀ ಇಷ್ಟೇ ಅಂದರೆ, ಆ ಮಾತಿನಿಂದ ನಮಗೆ ಏನೂ ತಿಳಿಯುವುದಿಲ್ಲ. "ಎರಡು ಸ್ಟ್ರೈಕ್ ಬಿದ್ದ ಮೇಲೆ ಕೆಳಗೆ ಜಾರುವ ಸ್ಲೈಡರ್ ಅನ್ನುವ ಚೆಂಡಿಗೆ ಮೇ ತಿಂಗಳಲ್ಲಿ ಬ್ಯಾಟ್ ಬೀಸುತ್ತಲೇ ಇದ್ದೆ, ಆಗಸ್ಟ್ ಹೊತ್ತಿಗೆ ಅದನ್ನು ಬಿಡುವುದು ಕಲಿತೆ" ಅಂದರೆ ಅವನು ತನ್ನ ಸೀಸನ್ ಅನ್ನು ನಿಜವಾಗಿ ಕೂತು ನೋಡಿದ್ದಾನೆ. ಯಾವ ಚೆಂಡು, ಯಾವ ತಿಂಗಳು, ಏನು ಬದಲಾಯಿತು ಅಂತ ಅವನಿಗೆ ಗೊತ್ತು. ಇಂಥವನು ಖುಷಿಯಾಗಿದ್ದೇನೆ ಅಂದರೆ ನಾನು ನಂಬುತ್ತೇನೆ.

.231 ಅಂದರೆ ಸಾವಿರ ಸಲ ಲೆಕ್ಕಕ್ಕೆ ಬಂದ ಬ್ಯಾಟಿಂಗ್‌ನಲ್ಲಿ 231 ಹಿಟ್. ಹಿಟ್ ಅಂದರೆ ಬ್ಯಾಟರ್ ಔಟಾಗದೆ ಬೇಸ್ ಮುಟ್ಟುವಂಥ ಹೊಡೆತ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತೀರಾ ಕಡಿಮೆ ಅನಿಸುತ್ತದೆ. ಆದರೆ ಬೇಸ್‌ಬಾಲ್‌ನಲ್ಲಿ .300 ಹೊಡೆಯುವವನನ್ನೇ ದೊಡ್ಡ ಬ್ಯಾಟರ್ ಅನ್ನುತ್ತಾರೆ. ಅಂದರೆ ಹತ್ತರಲ್ಲಿ ಏಳು ಸಲ ಸೋತವನು. ಇನ್ನೊಂದು ತೊಂದರೆ, ಆ ಸಂಖ್ಯೆಯಲ್ಲಿ ಕಾಣದೇ ಹೋಗುವುದು ಬಹಳ ಇದೆ. ಗಂಟೆಗೆ 95 ಮೈಲಿ ಅಥವಾ ಅದಕ್ಕಿಂತ ಜೋರಾಗಿ ಬ್ಯಾಟಿನಿಂದ ಹೋದ ಚೆಂಡನ್ನು ಇಲ್ಲಿ ‘ಹಾರ್ಡ್ ಹಿಟ್’ ಅಂತ ಲೆಕ್ಕ ಇಡುತ್ತಾರೆ. ಹಾಗೆ ಹೊಡೆದ ಚೆಂಡು ನೇರ ಫೀಲ್ಡರ್ ಕೈಗೆ ಹೋದರೆ ಔಟ್. ಬ್ಯಾಟಿನ ಅಂಚಿಗೆ ತಾಗಿ ಮೆಲ್ಲಗೆ ಉರುಳಿದ ಚೆಂಡು ಇಬ್ಬರು ಫೀಲ್ಡರ್‌ಗಳ ನಡುವೆ ನುಸುಳಿದರೆ ಹಿಟ್. ಆವರೇಜ್‌ಗೆ ಎರಡರ ವ್ಯತ್ಯಾಸ ಗೊತ್ತಿಲ್ಲ, ಆಡಿದವನಿಗೆ ಗೊತ್ತು.

ಇನ್ನೊಂದು, ಬಿಟ್ಟ ಚೆಂಡು. ಆಫ್ ಸ್ಟಂಪ್ ಹೊರಗಿನ ಚೆಂಡನ್ನು ಬಿಡುವುದಕ್ಕೂ ಕೌಶಲ ಬೇಕು ಅಂತ ರಾಹುಲ್ ದ್ರಾವಿಡ್ ಆಟ ನೋಡಿದ ಯಾರಿಗೂ ವಿವರಿಸಬೇಕಿಲ್ಲ. ಇಲ್ಲೂ ಅದೇ. ಸ್ಟ್ರೈಕ್ ಝೋನ್ (ಸುಮಾರಾಗಿ ಬ್ಯಾಟರ್‌ನ ಮೊಣಕಾಲಿನಿಂದ ಎದೆಯವರೆಗಿನ ಚೌಕ) ಹೊರಗಿನ ಚೆಂಡಿಗೆ ಬೀಸುವುದಕ್ಕೆ ‘ಚೇಸ್’ ಅನ್ನುತ್ತಾರೆ. ಹೋದ ವರ್ಷಕ್ಕಿಂತ ಈ ವರ್ಷ ಚೇಸ್ ಕಡಿಮೆಯಾಗಿ, ಹಾರ್ಡ್ ಹಿಟ್ ಜಾಸ್ತಿಯಾಗಿದ್ದರೆ ತಂಡದವರು .231 ನೋಡಿ ಗಾಬರಿಯಾಗುವುದಿಲ್ಲ. ಅವನೂ ಆಗಬೇಕಿಲ್ಲ.

ಅವನು ಎಂಥ ಜಾಗದಲ್ಲಿ ನಿಂತು ಈ ಮಾತು ಆಡುತ್ತಿದ್ದಾನೆ ಅನ್ನುವುದೂ ಮುಖ್ಯ. ನೀವು ನೋಡುವ ಬುಲ್ಸ್ ತಂಡವನ್ನೇ ತಗೊಳ್ಳಿ. ಅದು ಟ್ಯಾಂಪಾ ಬೇ ರೇಸ್ ತಂಡದ ಟ್ರಿಪಲ್-ಎ ತಂಡ, ಅಂದರೆ ಕೊನೆಯ ಮೆಟ್ಟಿಲು. ಅದರ ಕೆಳಗೆ ಡಬಲ್-ಎ ಮಾಂಟ್‌ಗೊಮರಿಯಲ್ಲಿ, ಹೈ-ಎ ಬೌಲಿಂಗ್ ಗ್ರೀನ್‌ನಲ್ಲಿ, ಸಿಂಗಲ್-ಎ ಚಾರ್ಲ್‌ಸ್ಟನ್‌ನಲ್ಲಿ. ಅದಕ್ಕೂ ಕೆಳಗೆ ಹೊಸಬರ ಲೀಗ್‌ಗಳು. 2021ರಿಂದ ಮೇಜರ್ ಲೀಗ್‌ನ 30 ತಂಡಕ್ಕೂ ಹೀಗೆ ನಾಲ್ಕು ನಾಲ್ಕು, ಒಟ್ಟು 120 ತಂಡ. ಪ್ರತಿ ವರ್ಷ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ 20 ಸುತ್ತಿನ ಡ್ರಾಫ್ಟ್‌ನಲ್ಲಿ ಸುಮಾರು 600 ಹುಡುಗರನ್ನು ಆರಿಸುತ್ತಾರೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ ಕಡೆಯಿಂದ ಬರುವವರು ಬೇರೆ. ಮೇಲೆ, ಮೇಜರ್ ಲೀಗ್‌ನ ಒಂದು ತಂಡದಲ್ಲಿ ಇರುವುದು 26 ಜಾಗ.

ದುಡ್ಡಿನ ಅಂತರವೂ ಹಾಗೇ. 2023ರಲ್ಲಿ ಮೈನರ್ ಲೀಗ್ ಆಟಗಾರರ ಯೂನಿಯನ್ ಮೊದಲ ಒಪ್ಪಂದ ಮಾಡಿಕೊಂಡಿತು. ಅದರಂತೆ ಟ್ರಿಪಲ್-ಎ ಕನಿಷ್ಠ ಸಂಬಳ ವರ್ಷಕ್ಕೆ 17,500 ಡಾಲರ್‌ನಿಂದ 35,800 ಡಾಲರ್‌ಗೆ ಏರಿತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ಒಂದೇ ಒಂದು ಮೆಟ್ಟಿಲಿಗೆ ಇಪ್ಪತ್ತು ಪಟ್ಟು. ಪ್ರತಿ ಸ್ಟ್ರೈಕ್‌ಔಟ್ ಆದಾಗ ಆ ಹುಡುಗನ ತಲೆಯಲ್ಲಿ ಇದೂ ಓಡುತ್ತಿರುತ್ತದೆ, ಅಲ್ವಾ?

ಅವನಿಗೆ ವಾರಕ್ಕೆ ಆರು ಪಂದ್ಯ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿ, ಸೋಮವಾರ ರಜೆ ಅಥವಾ ಪ್ರಯಾಣ. ಟ್ರಿಪಲ್-ಎಯಲ್ಲಿ ಹೀಗೆ 150 ಪಂದ್ಯ. ಇವತ್ತು ಸೋತರೆ ನಾಳೆ ಸಂಜೆ ಮತ್ತೆ ಆಟ. ಬೇಸರ ಮಾಡಿಕೊಂಡು ಎರಡು ದಿನ ಕೂರಲು ಬಿಡುವೇ ಇಲ್ಲ. ಮನಸ್ಸು ಸಂಭಾಳಿಸುವ ಕೆಲಸ ಇಲ್ಲಿ ಚೆಂಡು ಹಿಡಿಯುವಷ್ಟೇ ದಿನದ ಕೆಲಸ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ಅಕ್ಟೋಬರ್‌ನಲ್ಲಿ ನನ್ನ ಎದುರು ಬಂದು ಕೂತ. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್, ರಟ್ಟು ಬೆವರಿಗೆ ಉಬ್ಬಿ ಹೋಗಿತ್ತು. ಪ್ರತಿ ಸಲ ಬ್ಯಾಟ್ ಮಾಡಿ ಬಂದ ಮೇಲೆ ಡಗ್‌ಔಟ್‌ನಲ್ಲಿ, ಅಂದರೆ ತಂಡದವರು ಕೂರುವ ಜಾಗದಲ್ಲಿ, ಒಂದು ಸಾಲು ಬರೆದಿದ್ದ. ಯಾವ ಚೆಂಡಿಗೆ ಕಾಯುತ್ತಿದ್ದೆ. ಅದಕ್ಕೇ ಬೀಸಿದೆನಾ. ಬೀಸುವ ಮುಂಚೆ ಉಸಿರು ಬಿಟ್ಟೆನಾ. ಕೊನೆಯ ಎರಡಕ್ಕೂ ಟಿಕ್ ಅಥವಾ ಇಂಟು. ಹಿಟ್ ಆಯಿತಾ ಔಟ್ ಆಯಿತಾ ಅನ್ನುವ ಕಾಲಮ್ಮೇ ಇರಲಿಲ್ಲ. "ಅದನ್ನು ಹೇಗೂ ಎಲ್ಲರೂ ಬರೆದಿಡುತ್ತಾರೆ" ಅಂದ.

ಮೇ ತಿಂಗಳ ಪುಟ ತೆರೆದು ತೋರಿಸಿದ. ಇಂಟು ಮೇಲೆ ಇಂಟು. ಒಂದು ಕಡೆ ಪೆನ್ನು ಒತ್ತಿ ಹಾಳೆ ಹರಿದಿತ್ತು. ಅಲ್ಲಿ ಬೆರಳಿಟ್ಟು, "ಆ ವಾರ ಅಪ್ಪ ಬಂದಿದ್ದರು" ಅಂದ. ಅಪ್ಪನ ಮುಂದೆ ಹೋಮ್ ರನ್ ಹೊಡೆಯಬೇಕು ಅಂತ ಸಿಕ್ಕ ಚೆಂಡಿಗೆಲ್ಲ ಬೀಸಿದ್ದ. ಜುಲೈ ಪುಟಗಳಲ್ಲಿ ಟಿಕ್ ಜಾಸ್ತಿ. ತಮಾಷೆ ಅಂದರೆ ಜುಲೈನಲ್ಲೂ ಅವನ ಆವರೇಜ್ ಏರಿರಲಿಲ್ಲ. ಏರಿದ್ದು ಆಗಸ್ಟ್‌ನಲ್ಲಿ. ನಡುವಿನ ಆ ಒಂದು ತಿಂಗಳು ಅವನು ಯಾವ ಪ್ರತಿಫಲವೂ ಇಲ್ಲದೆ ಸರಿಯಾದ ಕೆಲಸ ಮಾಡಿದ್ದ. ‘ಪ್ರಾಸೆಸ್ ಮೇಲೆ ನಂಬಿಕೆ’ ಅಂದರೆ ನನ್ನ ಪಾಲಿಗೆ ಆ ಒಂದು ತಿಂಗಳು.

ಎಲ್ಲರಿಗೂ ಗೊತ್ತಿರುವ ಉದಾಹರಣೆಗೆ ಬರೋಣ. ಮೈಕಲ್ ಜಾರ್ಡನ್ ಬಾಸ್ಕೆಟ್‌ಬಾಲ್ ಬಿಟ್ಟು 1994ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಅನ್ನುವ ಡಬಲ್-ಎ ತಂಡಕ್ಕೆ ಆಡಿದ. ಮೊದಮೊದಲು ಸತತ 13 ಪಂದ್ಯದಲ್ಲಿ ಹಿಟ್ ಹೊಡೆದ. ಆಮೇಲೆ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಅವನಿಗೆ ತಿರುಗುವ ಚೆಂಡು ಹಾಕತೊಡಗಿದರು. ಸೀಸನ್ ಮುಗಿದಾಗ 127 ಪಂದ್ಯ, 114 ಸ್ಟ್ರೈಕ್‌ಔಟ್, ಆವರೇಜ್ .202. ಲೋಕದ ಅತಿ ದೊಡ್ಡ ಕ್ರೀಡಾಪಟು ಹೀಗೆ ದಿನಾ ಸೋಲುವುದನ್ನು ಜನ ನೋಡಿದರು. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ವರ್ಷ ಅರಿಜೋನಾ ಫಾಲ್ ಲೀಗ್‌ಗೆ ಹೋದ. ಅದು ಒಳ್ಳೊಳ್ಳೆ ಹೊಸ ಆಟಗಾರರನ್ನು ಕಳಿಸುವ ಜಾಗ. ಅಲ್ಲಿ .252 ಹೊಡೆದ. ಜನರ ನೆನಪಿನಲ್ಲಿ ಉಳಿದಿರುವುದು .202 ಮಾತ್ರ. ನನಗೆ ಬೆಲೆ ಇರುವುದು ಎರಡರ ನಡುವಿನ ಆ ಐವತ್ತಕ್ಕೆ. ತಿರುಗುವ ಚೆಂಡನ್ನು ಹೊಡೆಯುವುದನ್ನು 31 ವರ್ಷದ ಮನುಷ್ಯ ಹೊಸದಾಗಿ ಕಲಿಯುತ್ತಿದ್ದ ಗುರುತು ಅದು.

ಮೈಕ್ ಟ್ರೌಟ್ ಕತೆ ನಿಮ್ಮ ಮಗನಿಗೆ ಗೊತ್ತಿರಬಹುದು. 2011ರಲ್ಲಿ 19ನೇ ವಯಸ್ಸಿಗೆ ಮೇಜರ್ ಲೀಗ್‌ಗೆ ಕರೆದರು. ನಡುವೆ ಒಮ್ಮೆ ವಾಪಸ್ ಮೈನರ್ ಲೀಗ್‌ಗೆ ಕಳಿಸಿದರು. ಆ ವರ್ಷ ಒಟ್ಟು 40 ಪಂದ್ಯದಲ್ಲಿ ಅವನು ಹೊಡೆದದ್ದು .220. ಮರುವರ್ಷ .326 ಹೊಡೆದು, 30 ಹೋಮ್ ರನ್ ಬಾರಿಸಿ, ವರ್ಷದ ಅತ್ಯುತ್ತಮ ಹೊಸ ಆಟಗಾರ ಅನ್ನಿಸಿಕೊಂಡ. ಇದನ್ನು ಹೇಳುವಾಗ ನಾನು ಸ್ವಲ್ಪ ಎಚ್ಚರ ವಹಿಸುತ್ತೇನೆ. ಎಲ್ಲ .220ಗಳೂ .326 ಆಗುವುದಿಲ್ಲ. ಹೆಚ್ಚಿನವು ಆಗುವುದೇ ಇಲ್ಲ.

ಅದಕ್ಕೇ ನನಗೆ ಟ್ರೌಟ್‌ಗಿಂತ ಡ್ರೂ ಮ್ಯಾಗಿ ಹೆಚ್ಚು ಹತ್ತಿರ. 2010ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನು ಆರಿಸಿತು. ಆಮೇಲೆ ಒಂದಾದ ಮೇಲೊಂದು ತಂಡ ಬದಲಾದವು. 2021ರಲ್ಲಿ ಮಿನೆಸೋಟಾ ಟ್ವಿನ್ಸ್ ಮೇಲಕ್ಕೆ ಕರೆಯಿತು, ಆದರೆ ಒಂದು ಪಂದ್ಯದಲ್ಲೂ ಆಡಿಸದೆ ವಾಪಸ್ ಕಳಿಸಿತು. ತಟ್ಟೆ ಮುಂದಿಟ್ಟು ಎಳೆದುಕೊಂಡ ಹಾಗೆ. ಕೊನೆಗೆ 2023ರ ಏಪ್ರಿಲ್ 26ರಂದು, ಮೈನರ್ ಲೀಗ್‌ನಲ್ಲಿ 13 ಸೀಸನ್, 1,155 ಪಂದ್ಯ ಆಡಿದ ಮೇಲೆ, 33ನೇ ವಯಸ್ಸಿನಲ್ಲಿ, ಮೊದಲು ತನ್ನನ್ನು ಆರಿಸಿದ ಅದೇ ಪೈರೇಟ್ಸ್ ತಂಡಕ್ಕೆ ಬ್ಯಾಟ್ ಹಿಡಿದು ಇಳಿದ. ಮೈದಾನ ಪೂರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಸ್ಟ್ರೈಕ್‌ಔಟ್ ಆದ. ಮೂರು ದಿನ ಬಿಟ್ಟು ವಾಷಿಂಗ್ಟನ್‌ನಲ್ಲಿ ಮೊದಲ ಹಿಟ್ ಬಂತು. ಆ ಸ್ಟ್ರೈಕ್‌ಔಟ್‌ನ ವಿಡಿಯೋ ನಿಮ್ಮ ಮಗನ ಜೊತೆ ಕೂತು ನೋಡಿ. ಮೇಜರ್ ಲೀಗ್‌ನಲ್ಲಿ ಇನ್ನೂ ಒಂದು ಹಿಟ್ಟೂ ಹೊಡೆಯದ ಒಬ್ಬ ಮನುಷ್ಯನಿಗೆ ಅಷ್ಟು ಜನ ಎದ್ದು ನಿಲ್ಲುವುದನ್ನು ಅವನು ನೋಡಲಿ.

ಇನ್ನು ‘ಮೈಂಡ್‌ಸೆಟ್’. ನನಗೆ ಈ ಪದ ಅಷ್ಟು ಇಷ್ಟವಿಲ್ಲ. ಯಾವುದೋ ಒಳಗಿನ ಶಕ್ತಿ ಅನ್ನುವ ಹಾಗೆ ಕೇಳಿಸುತ್ತದೆ. ನಿಜವಾಗಿ ಅದು ಸಣ್ಣ ಸಣ್ಣ ದೇಹದ ಅಭ್ಯಾಸ. ಗಂಟೆಗೆ 95 ಮೈಲಿ ವೇಗದ ಚೆಂಡು ಪಿಚರ್ ಕೈಯಿಂದ ಬ್ಯಾಟಿಗೆ ಬರಲು ಸುಮಾರು 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಯೋಚನೆ ಮಾಡಲು ಸಾಧ್ಯವೇ ಇಲ್ಲ. ಯೋಚನೆ ಮಾಡುವುದಿದ್ದರೆ ಎರಡು ಚೆಂಡಿನ ನಡುವೆ ಮಾಡಬೇಕು. ಆ ಹೊತ್ತೂ ಈಗ ಕಡಿಮೆ. ಮೇಜರ್ ಲೀಗ್‌ನಲ್ಲಿ 2023ರಿಂದ ಪಿಚ್ ಕ್ಲಾಕ್ ಇದೆ. ಬೇಸ್‌ನಲ್ಲಿ ಯಾರೂ ಇಲ್ಲದಾಗ ಪಿಚರ್‌ಗೆ 15 ಸೆಕೆಂಡ್. ಗಡಿಯಾರದಲ್ಲಿ 8 ಸೆಕೆಂಡ್ ಉಳಿದಿರುವಾಗ ಬ್ಯಾಟರ್ ತಯಾರಾಗಿ ಪಿಚರ್ ಕಡೆ ನೋಡುತ್ತಿರಬೇಕು. ಅಂದರೆ ಹಿಂದಿನ ಚೆಂಡನ್ನು ಮರೆತು, ಉಸಿರು ಬಿಟ್ಟು, ಮುಂದಿನದಕ್ಕೆ ಸಿದ್ಧವಾಗಲು ಏಳು ಸೆಕೆಂಡ್. ಇದನ್ನು ಅಭ್ಯಾಸ ಮಾಡದೆ ಬರೀ ‘ಪಾಸಿಟಿವ್ ಆಗಿರು’ ಅಂದರೆ ಏನೂ ಆಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕೆನ್ ರವೀಝಾ ಅಂತ ಒಬ್ಬರು ಕ್ರೀಡಾ ಮನಶ್ಶಾಸ್ತ್ರಜ್ಞರಿದ್ದರು. 2018ರಲ್ಲಿ ತೀರಿಕೊಂಡರು. ಕ್ಯಾಲ್ ಸ್ಟೇಟ್ ಫುಲರ್ಟನ್ ಕಾಲೇಜು ತಂಡದ ಜೊತೆ ಕೆಲಸ ಮಾಡುವಾಗ ಅವರು ಒಂದು ಪುಟ್ಟ ಆಟಿಕೆ ಟಾಯ್ಲೆಟ್ ಬಳಸುತ್ತಿದ್ದರು. ತಪ್ಪು ಮಾಡಿ ಬಂದ ಹುಡುಗ ಅದರ ಫ್ಲಶ್ ಒತ್ತಬೇಕು. ಆಗಿದ್ದು ಹೋಯಿತು, ಮುಂದಿನದು ನೋಡು ಅಂತ. ಕೇಳಲು ಮಕ್ಕಳಾಟ. ಆದರೆ ಕೈ ಒಂದು ಕೆಲಸ ಮಾಡಿದಾಗ ತಲೆ ಅದನ್ನು ಹಿಂಬಾಲಿಸುತ್ತದೆ. ಸುಮ್ಮನೆ ‘ಮರೆತುಬಿಡು’ ಅಂದರೆ ಯಾರಿಗೂ ಮರೆಯಲು ಆಗುವುದಿಲ್ಲ.

ನಿಮ್ಮ ಡರ್ಹಮ್‌ನಲ್ಲೇ ಆಡಿ ಮೇಲೆ ಹೋದ ಇವಾನ್ ಲಾಂಗೋರಿಯಾ ಕೂಡ ರವೀಝಾ ಅವರಿಂದ ಕಲಿತವನು. ಗಮನ ತಪ್ಪಿದಾಗ ಎಡಗಡೆಯ ಫೌಲ್ ಪೋಲ್, ಅಂದರೆ ಮೈದಾನದ ಗಡಿ ಗೆರೆಯ ತುದಿಯ ಕಂಬದ ಕಡೆ ಒಮ್ಮೆ ನೋಡುವುದು ಅವನ ರೂಢಿಯಾಗಿತ್ತು. ಯಾವ ಊರಿನ ಮೈದಾನಕ್ಕೆ ಹೋದರೂ ಆ ಕಂಬ ಅದೇ ಜಾಗದಲ್ಲಿ ಇರುತ್ತದೆ. ಅದನ್ನು ನೋಡಿ, ಉಸಿರು ಬಿಟ್ಟು, ವಾಪಸ್ ಬ್ಯಾಟರ್ ನಿಲ್ಲುವ ಬಾಕ್ಸ್‌ಗೆ ಬರುವುದು. ಇಷ್ಟೇ. ಡರ್ಹಮ್‌ನಲ್ಲಿ ಎಡಗಡೆ 32 ಅಡಿ ಎತ್ತರದ ನೀಲಿ ಗೋಡೆ ಇದೆಯಲ್ಲ, ಅದರ ಪಕ್ಕದ ಕಂಬವನ್ನು ಮುಂದಿನ ಸಲ ಮಗನಿಗೆ ತೋರಿಸಿ.

ಈ ಹುಡುಗರು ಇನ್ನೊಂದು ವಿಷಯ ಕಲಿಯಬೇಕು, ಇದೇ ಎಲ್ಲಕ್ಕಿಂತ ಕಷ್ಟ. ಮೇಲೆ ಹೋಗುವುದು ಬರೀ ಆಟದಿಂದ ಆಗುವುದಿಲ್ಲ. ಮೇಜರ್ ತಂಡದಲ್ಲಿ ಅದೇ ಜಾಗದಲ್ಲಿ ಆಡುವವನಿಗೆ ಗಾಯ ಆಗಬೇಕು, ಅಥವಾ ಅವನನ್ನು ಬೇರೆ ತಂಡಕ್ಕೆ ಕೊಡಬೇಕು. ಮೇಜರ್ ತಂಡದ 40 ಜನರ ಪಟ್ಟಿಯಲ್ಲಿ (ಆ 26 ಜನರನ್ನು ಆರಿಸುವುದು ಇದರಿಂದಲೇ) ಇವನ ಹೆಸರಿರಬೇಕು. ಮೈಕ್ ಹೆಸ್‌ಮನ್ ಅನ್ನುವವನು ಅಮೆರಿಕದ ಮೈನರ್ ಲೀಗ್‌ಗಳಲ್ಲಿ 433 ಹೋಮ್ ರನ್ ಹೊಡೆದ. ಅದು ದಾಖಲೆ. ಮೇಜರ್ ಲೀಗ್‌ನಲ್ಲಿ ಅವನಿಗೆ ಸಿಕ್ಕಿದ್ದು 109 ಪಂದ್ಯ. ಇದನ್ನೆಲ್ಲ ದಿನಾ ಯೋಚಿಸುತ್ತಾ ಕೂತವನು ಏಪ್ರಿಲ್ ಮುಗಿಯುವ ಮುಂಚೆಯೇ ಸುಸ್ತಾಗುತ್ತಾನೆ. ಯೋಚಿಸದೇ ಇರುವುದೂ ಆಗುವುದಿಲ್ಲ. ಸಂಜೆ ಏಳು ಗಂಟೆಗೆ ಬ್ಯಾಟ್ ಹಿಡಿದಾಗ ಅದನ್ನು ಪಕ್ಕಕ್ಕಿಡುವುದು, ಅಷ್ಟನ್ನು ಕಲಿಯಬಹುದು. ನಿಮ್ಮ .231 ಹುಡುಗ ‘ಮನಸ್ಸು ತಿಳಿಯಾಗಿದೆ’ ಅನ್ನುವ ಅರ್ಥದಲ್ಲಿ ಏನಾದರೂ ಹೇಳಿದ್ದರೆ, ಬಹುಶಃ ಇದನ್ನೇ ಹೇಳಿರಬೇಕು.

‘ಪ್ರಾಸೆಸ್’ ಪದದ ಹಿಂದೆ ಬಚ್ಚಿಟ್ಟುಕೊಳ್ಳುವವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಸ್ವಿಂಗ್‌ನಲ್ಲಿ ದೋಷ ಇದ್ದರೆ ಉಸಿರಾಟದಿಂದ ಅದು ಸರಿಯಾಗುವುದಿಲ್ಲ. ಕೋಚ್ ಹತ್ತಿರ ಹೋಗಿ ಸ್ವಿಂಗ್ ತಿದ್ದಿಕೊಳ್ಳಬೇಕು. ಇನ್ನು ಕೆಲವರು ಒಳಗೊಳಗೇ ಕುಸಿಯುತ್ತಿರುತ್ತಾರೆ, ಹೊರಗೆ ಮಾತ್ರ ನಗು. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ಅದು ಆಟದ ವಿಷಯವಲ್ಲ, ಡಾಕ್ಟರ್ ನೋಡಬೇಕಾದ ವಿಷಯ. ನಿಮ್ಮ ಮಗ ಒಂದು ರಾತ್ರಿ ಊಟ ಬೇಡ ಅಂದರೆ ಹೆದರಬೇಡಿ. ಅದೇ ಮುಂದುವರಿದು, ಸ್ಕೂಲು, ಸ್ನೇಹಿತರು ಎಲ್ಲದರಿಂದ ದೂರ ಸರಿದರೆ ತಡ ಮಾಡಬೇಡಿ.

ನಮ್ಮ ಕಡೆಯವರು ಈ ದಾರಿಯಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. 2008ರಲ್ಲಿ ಭಾರತದಲ್ಲಿ ನಡೆದ ಪಿಚಿಂಗ್ ಸ್ಪರ್ಧೆಯಿಂದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಪೈರೇಟ್ಸ್ ತಂಡದ ಒಪ್ಪಂದ ಪಡೆದರು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಅದಕ್ಕೆ ಮುಂಚೆ ಬೇಸ್‌ಬಾಲ್ ಆಡಿಯೇ ಇರಲಿಲ್ಲ. ಮರುವರ್ಷ ಫ್ಲಾರಿಡಾದ ಹೊಸಬರ ಲೀಗ್‌ನಲ್ಲಿ ಪಿಚ್ ಮಾಡಿದರು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಅಮ್ಮನ ಕಡೆಯಿಂದ ಭಾರತೀಯ ಮೂಲದ ಕುಮಾರ್ ರಾಕರ್ ಮುಟ್ಟಿದ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಆರಿಸಿದರೂ ಒಪ್ಪಂದ ಆಗಲಿಲ್ಲ. ಮರುವರ್ಷ ಟೆಕ್ಸಸ್ ರೇಂಜರ್ಸ್ ಮೂರನೆಯವನಾಗಿ ಆರಿಸಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಮೇಜರ್ ಲೀಗ್ ಪಂದ್ಯ. ಆ ಮೂರು ವರ್ಷದ ಯಾವ ಹಂತದಲ್ಲಿ ನಿಲ್ಲಿಸಿ ಕೇಳಿದ್ದರೂ ಅವನ ಕತೆ ಸೋಲಿನ ಕತೆಯಂತೆಯೇ ಕಾಣುತ್ತಿತ್ತು.

ಈಗ ನಿಮ್ಮ ಮನೆಗೆ ಬರೋಣ. 14ರ ಹುಡುಗನಿಗೆ ನೀವು ಹೇಳಿಕೊಡಬೇಕಾದ್ದು ಬಹಳ ಕಡಿಮೆ. ಕಾರಿನಲ್ಲಿ ಆಟದ ಬಗ್ಗೆ ನೀವಾಗಿ ಬಾಯಿ ತೆರೆಯಬೇಡಿ. "ಎಷ್ಟು ಹಿಟ್?" ಬೇಡ. "ಪರವಾಗಿಲ್ಲ ಬಿಡು" ಕೂಡ ಬೇಡ, ಅವನಿಗೆ ಅದು ದೊಡ್ಡ ವಿಷಯವೇ. ಮನೆಗೆ ಬಂದು ಅನ್ನ ಸಾರು ಬಡಿಸಿಟ್ಟು ಸುಮ್ಮನಿರಿ, ಹಸಿವಾದಾಗ ಬರುತ್ತಾನೆ. ಮರುದಿನ ಅವನಾಗಿ ಮಾತೆತ್ತಿದರೆ ಒಂದೇ ಪ್ರಶ್ನೆ ಕೇಳಿ: "ಯಾವ ಚೆಂಡಿಗೆ ಕಾಯ್ತಿದ್ದೆ?" ಉತ್ತರ ಇದ್ದರೆ ಅವನು ಸರಿ ದಾರಿಯಲ್ಲಿದ್ದಾನೆ. "ಗೊತ್ತಿಲ್ಲ" ಅಂದರೆ ಮುಂದಿನ ಪಂದ್ಯಕ್ಕೆ ಅದೊಂದೇ ಗುರಿ ಸಾಕು, ಕಾಯುವ ಚೆಂಡು ಯಾವುದು ಅಂತ ಮೊದಲೇ ತೀರ್ಮಾನಿಸಿ ಇಳಿಯುವುದು. ಒಂದು ನೋಟ್‌ಬುಕ್ ತಂದುಕೊಡಿ. ಬರೆಯಲೇಬೇಕು ಅಂತ ಬಲವಂತ ಬೇಡ. ಬರೆದರೆ ಅದನ್ನು ನೀವು ತೆರೆದು ನೋಡಬೇಡಿ.

ಮುಂದಿನ ಸೀಸನ್ ಶುರುವಾದಾಗ ಡರ್ಹಮ್‌ಗೆ ಹೋಗಿ. ಅವತ್ತು ಚೆಂಡನ್ನು ನೋಡುವುದು ಬಿಟ್ಟು ಒಬ್ಬನೇ ಬ್ಯಾಟರ್‌ನನ್ನು ನೋಡುತ್ತಾ ಇರು ಅಂತ ಮಗನಿಗೆ ಹೇಳಿ. ಆ ಬ್ಯಾಟರ್ ಸ್ಟ್ರೈಕ್‌ಔಟ್ ಆದಾಗ ಏನು ಮಾಡುತ್ತಾನೆ? ಗ್ಲೋವ್ಸ್ ಪಟ್ಟಿ ಎಲ್ಲಿ ಬಿಚ್ಚುತ್ತಾನೆ? ಹೆಲ್ಮೆಟ್ ಇಟ್ಟ ಮೇಲೆ ಎಷ್ಟು ಹೊತ್ತಿಗೆ ಡಗ್‌ಔಟ್ ಕಂಬಿಗೆ ಒರಗಿ ಮತ್ತೆ ಆ ಪಿಚರ್‌ನ ಕೈಯನ್ನೇ ನೋಡಲು ಶುರು ಮಾಡುತ್ತಾನೆ? ಎಣಿಸಲಿ. ವಾಪಸ್ ಬರುವಾಗ, ಆ .231 ಹುಡುಗ ಸುಳ್ಳು ಹೇಳಿದನಾ ಅಂತ ಇನ್ನೊಂದು ಸಲ ಕೇಳಿ. ಅವನ ಉತ್ತರ ಏನೇ ಇರಲಿ, ನನಗೆ ಬರೆದು ತಿಳಿಸಿ.